ಸಿದ್ದಾಪುರದ ಹೊಳೆಯಿಂದ ನೇತ್ರಾಣಿಯ ನೀರಿನಾಳಕ್ಕೆ

ನನಗೆ ಈಜು ಬರೋದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಮುಂದೆ ಹೇಳಹೊರಟಿರೋದು ಕಡಲಿನ ಒಳಗೆ ಇಳಿದ ಕಥೆ.

ಕೊಡಗಿನ ಸಿದ್ದಾಪುರದ ಹತ್ತಿರ ಕರಡಿಗೋಡಿನಲ್ಲಿ ನಮ್ಮ ಮನೆ. ಹಿಂಬಾಗಿಲು ತೆಗೆದರೆ ಬಿದಿರು ಮೆಳೆ, ಮೆಳೆ ದಾಟಿದರೆ ಕಾವೇರಿ. ಎಣಿಸಿದರೆ ಅರವತ್ತು ಹೆಜ್ಜೆ. ಬೆಂಗಳೂರಿನವರು ಆನೆ ನೋಡೋಕೆ, ರಾಫ್ಟಿಂಗ್ ಮಾಡೋಕೆ ಬರುವ ದುಬಾರೆ ನಮ್ಮಿಂದ ಸ್ವಲ್ಪ ಕೆಳಗೆ. ಅವರೆಲ್ಲ ಅದೇ ನೀರಲ್ಲಿ ಕಿರುಚಾಡಿಕೊಂಡು ದೋಣಿ ಹಾರಿಸುತ್ತಾರೆ. ನಾನು ಮಾತ್ರ ಮೊಣಕಾಲಿಗಿಂತ ಮೇಲೆ ಹೊಳೆ ನೀರು ಮುಟ್ಟಿಸಿಕೊಂಡವನಲ್ಲ. 'ಕಾವೇರಮ್ಮನನ್ನು ನೋಡು, ಕೈ ಮುಗಿ, ಇಳಿಯಬೇಡ' ಅನ್ನೋದು ಅಮ್ಮನ ಕಾನೂನು. ಮಳೆಗಾಲದಲ್ಲಿ ಆ ಕಾನೂನಿಗೆ ಕಾರಣ ಕೇಳುವ ಅಗತ್ಯವೇ ಇರಲಿಲ್ಲ. ಹಿತ್ತಲಲ್ಲಿ ನಿಂತರೆ ಕೆಂಪು ನೀರಲ್ಲಿ ಇಡೀ ಮರಗಳು ಬೇರು ಸಮೇತ ತೇಲಿಹೋಗೋದು ಕಾಣುತ್ತಿತ್ತು.

2018ರ ಆಗಸ್ಟ್‌ನಲ್ಲಿ ನೀರು ಅಂಗಳದವರೆಗೆ ಬಂತು. 2019ರ ಆಗಸ್ಟ್‌ನಲ್ಲಿ ಮನೆಯೊಳಗೇ ಬಂತು. ಕರಡಿಗೋಡು, ಗುಹ್ಯ, ಸೇತುವೆಯಾಚೆ ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು, ಹೊಳೆ ದಂಡೆಯ ಮನೆಗಳು ಒಂದೊಂದಾಗಿ ಕೂತುಹೋದವು. ನಾನು ಆಗ ಬೆಂಗಳೂರಿನ ಪಿಜಿಯಲ್ಲಿ ಕೂತು ಅಪ್ಪನ ನಂಬರಿಗೆ ಫೋನ್ ಮಾಡುತ್ತಿದ್ದೆ. ಹದಿನಾಲ್ಕು ಗಂಟೆ 'ಸ್ವಿಚ್ ಆಫ್'. ಹದಿನೈದನೇ ಗಂಟೆಗೆ ಬೇರೆ ಯಾರದ್ದೋ ಫೋನಿಂದ ಅಪ್ಪ ಮಾತಾಡಿದರು. "ಎಲ್ಲರೂ ಹೊರಗೆ ಬಂದಿದ್ದೇವೆ. ಶಾಲೆಯಲ್ಲಿದ್ದೇವೆ. ನೀನು ಬರಬೇಡ, ರಸ್ತೆ ಇಲ್ಲ" ಅಂದರು. ಅಷ್ಟೇ. ಹೇಗೆ ಬಂದಿರಿ ಅಂತ ನಾನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ರಾತ್ರಿಯ ಮಾತು ಯಾರೂ ಎತ್ತುವುದಿಲ್ಲ. ಗೋಡೆಯ ಮೇಲೆ ಕಿಟಕಿ ಎತ್ತರಕ್ಕೆ ಉಳಿದಿದ್ದ ಕೆಂಪು ಗೆರೆಗೆ ಮಾರನೇ ವರ್ಷ ಸುಣ್ಣ ಬಳಿದೆವು, ಮುಗಿಯಿತು.

ಇಂಥವನನ್ನು ಸ್ಕೂಬಾ ಡೈವಿಂಗ್‌ಗೆ ಎಳೆದವನು ನನ್ನ ರೂಮ್‌ಮೇಟ್. ವಿಜಯಪುರ ಜಿಲ್ಲೆಯವನು. ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಊರು, ಆದರೆ ಅವನಿಗೆ ಈಜು ಮೀನಿನ ಹಾಗೆ ಬರುತ್ತದೆ. ಏಳನೇ ವಯಸ್ಸಿಗೇ ಅವರ ಕಾಕಾ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹೊಲದ ಬಾವಿಗೆ ನೂಕಿದ್ದರಂತೆ. ಜನವರಿ ಕೊನೆಯ ವಾರ ರಜೆ ಹಾಕಿಕೊಂಡು ಇಬ್ಬರೂ ನಮ್ಮೂರಿಗೆ ಬಂದಿದ್ದೆವು. ಕಾಫಿ ಕೊಯ್ಲಿನ ಸಮಯ. ಅಪ್ಪ ಎಸ್ಟೇಟ್ ಒಂದರಲ್ಲಿ ರೈಟರ್ ಆಗಿದ್ದವರು, ರಿಟೈರ್ ಆದಮೇಲೂ ಕಣದ ಹತ್ತಿರ ಹೋಗಿ ನಿಂತರೇ ಅವರಿಗೆ ಸಮಾಧಾನ. ಇವನು ಹಿತ್ತಲಿಗೆ ಹೋಗಿ ತಿಳಿಯಾಗಿ ಹರಿಯುತ್ತಿದ್ದ ಕಾವೇರಿ ನೋಡಿದ, ನನ್ನ ಮುಖ ನೋಡಿದ.

"ಏನಲೇ, ಹೊಳಿ ದಂಡ್ಯಾಗ ಹುಟ್ಟಿ ಈಜು ಬರಂಗಿಲ್ಲಂದ್ರ ಹೆಂಗ? ನಮ್ಮೂರಾಗ ಹೇಳಿದ್ರ ನಗ್ತಾರ."

ನಮ್ಮ ಪ್ಲ್ಯಾನ್ ಇದ್ದದ್ದು ಬ್ಯಾಗು ಬೆನ್ನಿಗೆ ಹಾಕಿಕೊಂಡು ಗೋಕರ್ಣಕ್ಕೆ ಹೋಗಿ ಮೂರು ದಿನ ಏನೂ ಮಾಡದೆ ಬಿದ್ದಿರೋದು. ಅದಕ್ಕೆ ಅವನು ಒಂದು ಬಾಲ ಸೇರಿಸಿದ: ವಾಪಸ್ ಬರುವಾಗ ಮುರುಡೇಶ್ವರದಲ್ಲಿ ಇಳಿದು ನೇತ್ರಾಣಿ ದ್ವೀಪದಲ್ಲಿ ಡೈವಿಂಗ್. ಅಪ್ಪು ನೇತ್ರಾಣಿಯ ನೀರಿಗಿಳಿದದ್ದನ್ನು 'ಗಂಧದ ಗುಡಿ'ಯಲ್ಲಿ ನೋಡಿದಾಗಿನಿಂದ ಅವನ ತಲೆಯಲ್ಲಿ ಅದು ಕೂತಿತ್ತು. ಆದರೆ ಅವನಿಗೆ ಬರೀ ಮೀನು ನೋಡೋದು ಸಾಲದು, ಗವಿಯೊಳಗೆ ಹೋಗಬೇಕು. ಕೇವ್ ಡೈವಿಂಗ್ ವಿಡಿಯೊಗಳನ್ನು ಅವನು ಊಟ ಮಾಡುತ್ತಾ ನೋಡುವ ಪೈಕಿ.

ಆ ಹುಚ್ಚಿನ ಬೇರು ನನಗೆ ಗೊತ್ತು. 2018ರ ಜುಲೈ, ನಾವಿಬ್ಬರೂ ಕೆಲಸಕ್ಕೆ ಸೇರಿದ ಹೊಸತು. ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು, ಅವರ ಫುಟ್‌ಬಾಲ್ ಕೋಚ್ ಸಿಕ್ಕಿಹಾಕಿಕೊಂಡಿದ್ದರು. ಜೂನ್ 23ಕ್ಕೆ ಒಳಗೆ ಹೋದವರು; ಮಳೆ ಸುರಿದು ಗುಹೆಯ ದಾರಿಯೆಲ್ಲ ನೀರು. ಜುಲೈ 2ರಂದು ಇಬ್ಬರು ಬ್ರಿಟಿಷ್ ಡೈವರ್‌ಗಳು ಅವರನ್ನು ಕಂಡರು. ಹೊರಗೆ ತರೋದಕ್ಕೆ ಜುಲೈ 10 ಆಯಿತು. ಅಷ್ಟರಲ್ಲಿ ಥಾಯ್ ನೌಕಾಪಡೆಯ ಮಾಜಿ ಡೈವರ್ ಸಮನ್ ಕುನಾನ್, ಒಳಗೆ ಸಿಲಿಂಡರ್ ಇಟ್ಟು ಬರುವಾಗ ಪ್ರಾಣ ಕಳೆದುಕೊಂಡರು. ನೀರು ಎಷ್ಟು ಕೆಸರಾಗಿತ್ತಂದ್ರೆ ಡೈವರ್‌ಗಳಿಗೆ ತಮ್ಮ ಕೈಯೇ ಕಾಣುತ್ತಿರಲಿಲ್ಲ, ಹಾಕಿದ್ದ ಹಗ್ಗ ಹಿಡಿದುಕೊಂಡೇ ಓಡಾಡಿದರು. ಹುಡುಗರು ನೀರಲ್ಲಿ ಗಾಬರಿಯಾಗದಿರಲಿ ಅಂತ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಅವರಿಗೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿ ಹೊರಗೆ ಕಳಿಸಿದರು. ನೀರು ಹೊರಹಾಕಲು ಸಲಹೆ ಕೊಡೋಕೆ ಹೋದವರಲ್ಲಿ ನಮ್ಮ ಕಿರ್ಲೋಸ್ಕರ್ ಪಂಪಿನ ಕಂಪನಿಯವರೂ ಇದ್ದರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಾಗಿ ಶುರುವಾದ ಅದೇ ಕಿರ್ಲೋಸ್ಕರ್. ಅಪ್ಪ ಆಗ ಫೋನಲ್ಲಿ "ನಮ್ಮ ಕೆರೆ ಪಂಪಿನವರಲ್ವಾ ಅವರು!" ಅಂತ ಹೆಮ್ಮೆಪಟ್ಟಿದ್ದು ನೆನಪಿದೆ. ಮುಂದಿನ ತಿಂಗಳೇ ಕೊಡಗು ಮುಳುಗಿತು. ಗೆಳೆಯನಿಗೆ ಆ ಗುಹೆ ಸಾಹಸದ ಕಥೆಯಾಗಿ ಉಳಿಯಿತು, ನನಗೆ ಕೆಸರು ನೀರಿನ ಕಥೆಯಾಗಿ.

ಅಮ್ಮನಿಗೆ "ಗೋಕರ್ಣಕ್ಕೆ ಹೋಗ್ತೇವೆ" ಅಂತಷ್ಟೇ ಹೇಳಿದೆ. ಮಹಾಬಲೇಶ್ವರನ ದರ್ಶನ ಅಂದುಕೊಂಡರು. ಸುಳ್ಳೇನೂ ಅಲ್ಲ.

ಕೊಡಗಿನಲ್ಲಿ ರೈಲಿಲ್ಲ. ಸಿದ್ದಾಪುರದಿಂದ ಮಡಿಕೇರಿ, ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಂಗಳೂರು, ಅಲ್ಲಿಂದ ರೈಲು. ನಕ್ಷೆ ನೋಡಿದರೆ ಒಂದು ತಮಾಷೆ ಇದೆ. ತಲಕಾವೇರಿಯಿಂದ ಅರಬ್ಬಿ ಸಮುದ್ರ ಕೂಗಳತೆಯಲ್ಲಿದ್ದ ಹಾಗಿದೆ, ಆದರೂ ನಮ್ಮ ಹೊಳೆ ಅದಕ್ಕೆ ಬೆನ್ನು ಹಾಕಿ ಇಡೀ ದಕ್ಷಿಣ ಭಾರತ ಸುತ್ತಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಕೊಡಗಿನ ಬರಪೊಳೆಯಂಥ ಕೆಲವು ಮಾತ್ರ ಸೀದಾ ಪಡುವಣಕ್ಕೆ ಇಳಿಯುತ್ತವೆ. ನಾವೂ ಇಳಿದೆವು. ಹೊನ್ನಾವರದಲ್ಲಿ ಶರಾವತಿಯ ಮೇಲೆ ರೈಲು ಹೋಗುವಾಗ ಬೋಗಿಯ ಬಾಗಿಲ ಹತ್ತಿರ ನಿಂತಿದ್ದೆ. ಎರಡು ಕಿಲೊಮೀಟರಿಗೂ ಉದ್ದದ ಸೇತುವೆ, ಕೊಂಕಣ ರೈಲ್ವೆಯ ಅತಿ ಉದ್ದದ್ದು. ಎರಡೂ ಕಡೆ ನೀರೇ ನೀರು. ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಅನ್ನೋದು ಸೇತುವೆ ಮುಗಿದಮೇಲೆ ಗೊತ್ತಾಯಿತು.

ಗೋಕರ್ಣ ರೋಡ್ ಸ್ಟೇಷನ್ನಿಂದ ಊರಿಗೆ ಹತ್ತು ಕಿಲೊಮೀಟರ್ ಆಸುಪಾಸು. ಕುಡ್ಲೆ ಬೀಚಿನಲ್ಲಿ ತೆಂಗಿನ ಮರಗಳ ಕೆಳಗೆ ಒಂದು ರೂಮು ಸಿಕ್ಕಿತು. ಎರಡು ಮಂಚ, ಒಂದು ಫ್ಯಾನು, ಹೊರಗೆ ಜೋಕಾಲಿ ಬಲೆ. ಮೊದಲ ದಿನ ರಿಲ್ಯಾಕ್ಸ್ ಆಗೋಕೆ ಆಗಲೇ ಇಲ್ಲ, ಒಪ್ಪಿಕೊಳ್ಳುತ್ತೇನೆ. ಅರ್ಧ ಗಂಟೆಗೊಮ್ಮೆ ಫೋನ್ ತೆಗೆದು ಆಫೀಸಿನ ಮೆಸೇಜು ನೋಡುವ ಚಟ. ಎರಡನೇ ದಿನ ಮಧ್ಯಾಹ್ನ ಬಂಗಡೆ ಫ್ರೈ, ಕೋಕಂ ಶರಬತ್ತು ಮುಗಿಸಿ ಮಲಗಿದವನಿಗೆ ಎಚ್ಚರವಾದಾಗ ಐದೂವರೆ. ಫೋನ್ ಚಾರ್ಜ್ ಮುಗಿದು ಯಾವಾಗ ಆಫ್ ಆಗಿತ್ತೋ. ಪ್ರಪಂಚ ಹಾಗೇ ಇತ್ತು.

ಗೋಕರ್ಣದ ಬೀಚುಗಳಲ್ಲಿ ನನಗೆ ಹಿಡಿಸಿದ್ದು ನೀರಿಗಿಂತ ಅವುಗಳ ನಡುವಿನ ದಾರಿ. ಕುಡ್ಲೆಯಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚು. ಮೇಲಿನಿಂದ ನೋಡಿದರೆ ನಿಜಕ್ಕೂ ಓಂಕಾರದ ಹಾಗೇ ಎರಡು ಬಾಗು. ಅಲ್ಲಿಂದ ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ಆ ಎರಡಕ್ಕೆ ಗಾಡಿ ಹೋಗುವ ರಸ್ತೆ ಇಲ್ಲ, ಕಾಲುದಾರಿ ಇಲ್ಲವೇ ದೋಣಿ. ಕೆಂಪು ಮುರಕಲ್ಲಿನ ದಾರಿ, ಕೆಳಗೆ ಬಂಡೆಗೆ ಬಡಿಯುವ ಅಲೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಜನ ಇರೋದಿಲ್ಲ. ಶನಿವಾರ ಮಧ್ಯಾಹ್ನ ಮಾತ್ರ ಆ ಕಡೆ ತಲೆ ಹಾಕಬೇಡಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಮರಳು ಸುರಿದ ಹಾಗಿರುತ್ತದೆ.

ಗೆಳೆಯ ಅಲೆಯಲ್ಲಿ ಹೊರಳಾಡುತ್ತಿದ್ದ, ನಾನು ದಡದಲ್ಲಿ ಅವನ ಚಪ್ಪಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಜೀವರಕ್ಷಕ ಒಬ್ಬರು ಸೀಟಿ ಬಾಯಲ್ಲಿಟ್ಟುಕೊಂಡು ಕೂತಿದ್ದರು. ಮಾತಿಗೆ ಸಿಕ್ಕರು. ಅಲೆ ಒಡೆಯುವ ಜಾಗಕ್ಕಿಂತ ಅಲೆ ಒಡೆಯದೆ ಸುಮ್ಮನೆ ಇರುವ ಜಾಗದಲ್ಲೇ ಅಪಾಯ ಜಾಸ್ತಿ ಅಂತ ಅವರಿಂದ ಗೊತ್ತಾಯಿತು. ದಡಕ್ಕೆ ಬಂದ ನೀರು ವಾಪಸ್ ಹೋಗೋಕೆ ಮಾಡಿಕೊಂಡ ಕಾಲುವೆ ಅದು. ಜನ ಇಲ್ಲಿ ನೀರು ಶಾಂತವಾಗಿದೆ ಅಂತ ಅಲ್ಲೇ ಇಳಿಯುತ್ತಾರೆ. ಅದು ಎಳೆದರೆ ದಡದ ಕಡೆಗೇ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಬೇಕು. "ಅವರಿಗೆ ಈಜು ಬರ್ತದೆ ಅಂತ ನಮಗೆ ಧೈರ್ಯ ಇಲ್ಲ ಸರ್. ನಿಮ್ಮಂಥವರು ದಡದಲ್ಲಿ ಕೂತರೆ ನಮಗೆ ಅರ್ಧ ಕೆಲಸ ಕಡಿಮೆ" ಅಂದರು. ಜೀವನದಲ್ಲಿ ಮೊದಲ ಸಲ ಈಜು ಬಾರದ್ದಕ್ಕೆ ಹೊಗಳಿಕೆ ಸಿಕ್ಕಿತು.

ನಗುತ್ತಾ ಹೇಳಿದರೂ ಅವರ ಕಣ್ಣು ನೀರಿನ ಮೇಲೇ ಇತ್ತು. ಇದೇ ಕರಾವಳಿಯ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಕೊಂಡರು. ಆ ಸುದ್ದಿ ಬಂದ ದಿನ ಅಮ್ಮ ನನಗೆ ಫೋನ್ ಮಾಡಿ, ನಾನು ಬೆಂಗಳೂರಿನಲ್ಲೇ ಇದ್ದೇನಾ ಅಂತ ಎರಡೆರಡು ಸಲ ಕೇಳಿದ್ದರು.

ನಾಲ್ಕನೇ ದಿನ ಬಾಡಿಗೆ ಸ್ಕೂಟರಿನಲ್ಲಿ ಯಾಣಕ್ಕೆ ಹೋದೆವು. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅನ್ನೋ ಮಾತು ಈ ಕಡೆ ಎಲ್ಲರ ಬಾಯಲ್ಲೂ ಇದೆ. ರಸ್ತೆ ಆದಮೇಲೆ ಈಗ ಸೊಕ್ಕು ಬೇಕಾಗಿಲ್ಲ. ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಭೈರವೇಶ್ವರ ಶಿಖರ, 120 ಮೀಟರ್. ಅದರ ಹೊಟ್ಟೆಯ ಸೀಳಿನೊಳಗೆ ಬರಿಗಾಲಲ್ಲಿ ನಡೆದರೆ ಮೇಲಿನಿಂದ ಬೆಳಕು ಕೋಲಿನ ಹಾಗೆ ಬೀಳುತ್ತದೆ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಕರಗಿಸಿ ಇಂಥ ರೂಪಗಳನ್ನು ಮಾಡುತ್ತದೆ. ಮೆಕ್ಸಿಕೊದ ಯುಕಟಾನ್‌ನಲ್ಲಿ ಇದೇ ಸುಣ್ಣಕಲ್ಲು ನೆಲದ ಕೆಳಗೆ ಕರಗಿ, ನೀರು ತುಂಬಿ, ಸೆನೋಟೆ ಅನ್ನುವ ಕೊಳಗಳೂ ಅವುಗಳ ಕೆಳಗೆ ಮೈಲಿಗಟ್ಟಲೆ ಸುರಂಗಗಳೂ ಆಗಿವೆ. ಲೋಕದ ಕೇವ್ ಡೈವರ್‌ಗಳಿಗೆಲ್ಲ ಅದು ಕಾಶಿ ಇದ್ದ ಹಾಗೆ. ಯಾಣದ ಆ ಸೀಳಿನ ನಡುವೆ ನಿಂತು ಗೆಳೆಯ "ಇದರ ತುಂಬ ನೀರಿದ್ದಿದ್ರ ಹೆಂಗಿರ್ತಿತ್ತಲೇ" ಅಂದ. ನಾನು ಬೇಗ ಹೊರಗೆ ಬಂದೆ.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೊಮೀಟರ್ ಸಮುದ್ರದಲ್ಲಿ. ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ, ಮಳೆಗಾಲದಲ್ಲಿ ಬಂದ್. ಬೆಳಿಗ್ಗೆ ಒಂದು ಫಾರಂ ತುಂಬಿಸಿದರು: ಅಸ್ತಮಾ ಇದೆಯಾ, ಕಿವಿ ತೊಂದರೆ ಇದೆಯಾ, ಹೃದಯದ ಕಾಯಿಲೆ, ಶಸ್ತ್ರಚಿಕಿತ್ಸೆ. ದುಡ್ಡು ಕೊಟ್ಟಾಗಿದೆ ಅಂತ ಅಲ್ಲಿ ಸುಳ್ಳು ಬರೆಯಬೇಡಿ. ಈಜು ಬರುತ್ತಾ ಅನ್ನೋ ಪ್ರಶ್ನೆಗೆ 'ಇಲ್ಲ' ಬರೆದೆ. ಅಡ್ಡಿಯಿಲ್ಲ ಅಂದರು. ಮೊದಲ ಸಲದವರನ್ನು ಇನ್‌ಸ್ಟ್ರಕ್ಟರ್ ಒಬ್ಬೊಬ್ಬರನ್ನಾಗಿ ಹಿಡಿದುಕೊಂಡೇ ಕರೆದೊಯ್ಯುತ್ತಾರೆ.

ದೋಣಿ ಒಂದೂವರೆ ಗಂಟೆ ಕುಣಿಯಿತು. ಹಿಂದೆ ಮುರುಡೇಶ್ವರದ 123 ಅಡಿಯ ಶಿವ ಬೆರಳಿನಷ್ಟಾಗಿ, ಆಮೇಲೆ ಮಾಯವಾದ. ತಿಂದ ಇಡ್ಲಿಯನ್ನು ನಾನು ಅರಬ್ಬಿ ಸಮುದ್ರಕ್ಕೆ ಅರ್ಪಿಸಿದೆ. ಕೊನೆಗೆ ದ್ವೀಪ ಕಂಡಿತು. ಕಡಿದಾದ ಬಂಡೆ, ಮೇಲೆ ಹಸಿರು, ಆಕಾಶದಲ್ಲಿ ಬಿಳಿ ಹೊಟ್ಟೆಯ ಸಮುದ್ರ ಗಿಡುಗ. ಪಾರಿವಾಳ ದ್ವೀಪ ಅನ್ನೋ ಹೆಸರೂ ಇದಕ್ಕಿದೆ. ದ್ವೀಪದ ಮೇಲೆ ಕಾಲಿಡುವ ಹಾಗಿಲ್ಲ. ಹಿಂದೆ ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಬಂಡೆಯ ಬುಡದಲ್ಲಿ ಅಲ್ಲಲ್ಲಿ ಕತ್ತಲೆಯ ಬಾಯಿಗಳು. ಗೆಳೆಯನ ಕಣ್ಣು ಅಲ್ಲೇ ಅಂಟಿಕೊಂಡಿತು.

"ಅಣ್ಣಾ, ಅದರೊಳಗ ಕರ್ಕೊಂಡು ಹೋಗ್ತೀರೇನು?"

ಇನ್‌ಸ್ಟ್ರಕ್ಟರ್ ಅಲ್ಲಿಯದೇ ಮೀನುಗಾರರ ಮನೆಯ ಹುಡುಗ, ನಮಗಿಂತ ಚಿಕ್ಕವನೇ ಇರಬೇಕು. ಸಿಲಿಂಡರಿನ ಮೀಟರ್ ನೋಡುತ್ತಿದ್ದವನು ತಲೆ ಎತ್ತಲಿಲ್ಲ. "ಇಲ್ಲ ಸರ್."

"ಬಾಗಿಲಾಗ ಇಣುಕಿ ನೋಡಿ ಬರೋಣು, ಎರಡ ನಿಮಿಷ."

"ತಲೆ ಮೇಲೆ ಕಲ್ಲಿದ್ರೆ ಅದು ಬೇರೆ ವಿದ್ಯೆ ಸರ್. ಅದು ನಿಮಗೆ ಬರುದಿಲ್ಲ. ನಂಗೂ ಬರುದಿಲ್ಲ."

ಆ 'ನಂಗೂ ಬರುದಿಲ್ಲ' ಕೇಳಿದ ಮೇಲೆಯೇ ನಾನು ಅವನನ್ನು ಪೂರ್ತಿ ನಂಬಿದ್ದು. ಪ್ರತಿದಿನ ನೀರಿಗಿಳಿಯುವವನು ಇಷ್ಟು ಸಲೀಸಾಗಿ ಗೊತ್ತಿಲ್ಲ ಅನ್ನಬಲ್ಲ ಅಂದರೆ ಗೊತ್ತಿರುವುದು ಗಟ್ಟಿಯಾಗಿಯೇ ಇರುತ್ತದೆ. ನಮ್ಮ ಮೀಟಿಂಗುಗಳಲ್ಲಿ ಆ ಮಾತು ಕೇಳಿ ಎಷ್ಟು ವರ್ಷವಾಯಿತೋ.

ನೀರಿಗಿಳಿಯುವ ಮುಂಚೆ ಅವನು ಹೇಳಿಕೊಟ್ಟದ್ದು ನಾಲ್ಕೇ ಸಂಗತಿ. ಉಸಿರು ಯಾವತ್ತೂ ಹಿಡಿದಿಟ್ಟುಕೊಳ್ಳಬಾರದು. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಪೂರ್ತಿ ಎಳೆದ ಉಸಿರನ್ನು ಹಿಡಿದುಕೊಂಡು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟಾಗೋಕೆ ನೋಡುತ್ತದೆ, ಶ್ವಾಸಕೋಶ ತಡೆಯೋದಿಲ್ಲ. ಕಿವಿ ಕಟ್ಟಿದರೆ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು, ನೋವು ಬರುವ ಮುಂಚೆಯೇ. ಕನ್ನಡಕಕ್ಕೆ ನೀರು ಬಂದರೆ ಮೇಲಂಚು ಒತ್ತಿ ಮೂಗಿನಿಂದ ಉಸಿರು ಬಿಟ್ಟರೆ ನೀರು ಹೊರಗೆ ಹೋಗುತ್ತದೆ. ನಾಲ್ಕನೆಯದು ಸನ್ನೆ: ಹೆಬ್ಬೆರಳು ಮೇಲೆ ಮಾಡಿದರೆ 'ಸೂಪರ್' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ. ಎಲ್ಲ ಚೆನ್ನಾಗಿದೆ ಅನ್ನೋಕೆ ಬೆರಳುಗಳಲ್ಲಿ ಉಂಗುರ ಮಾಡಬೇಕು. ದಿನಕ್ಕೆ ನೂರು ಸಲ ಹೆಬ್ಬೆರಳು ಒತ್ತುವ ನಮ್ಮ ತಲೆಮಾರಿಗೆ ಇದು ಕಷ್ಟದ ಪಾಠ.

ಮೊದಲ ಸಲ ಮುಖ ನೀರಿನೊಳಗೆ ಹೋದ ಕ್ಷಣ ನನಗೆ ಎಲ್ಲ ಮರೆತುಹೋಯಿತು. ಬಾಯಲ್ಲಿ ಗಾಳಿ ಬರುತ್ತಿದೆ, ಆದರೂ ಮೈ ನಂಬುತ್ತಿಲ್ಲ. ಎದೆ ಡಬ ಡಬ. ಹೆಬ್ಬೆರಳು ಮೇಲೆ ಮಾಡಿದೆ. ಎರಡು ಸೆಕೆಂಡಿನಲ್ಲಿ ಮೇಲೆ ತಂದ. ನಾಚಿಕೆಯಿಂದ "ಸಾರಿ ಬ್ರೋ, ನಂಗಾಗಲ್ಲ" ಅಂದೆ. ಅವನು ನಗಲೂ ಇಲ್ಲ, ಧೈರ್ಯ ತುಂಬುವ ಭಾಷಣವನ್ನೂ ಮಾಡಲಿಲ್ಲ. "ಮೀನು ಎಲ್ಲಿಗೂ ಹೋಗುದಿಲ್ಲ ಸರ್. ದೋಣಿಯ ಹಗ್ಗ ಹಿಡ್ಕೊಂಡು ಐದು ನಿಮಿಷ ಸುಮ್ಮನೆ ಉಸಿರಾಡಿ. ಆಮೇಲೆ ಬೇಡ ಅಂದ್ರೆ ಬೇಡ" ಅಂದ.

ಲಂಗರಿನ ಹಗ್ಗ ಹಿಡಿದು ತೇಲುತ್ತಾ ಮುಖ ಮಾತ್ರ ನೀರಲ್ಲಿಟ್ಟೆ. ಉಸಿರು ಒಳಗೆ, ಉಸಿರು ಹೊರಗೆ. ಹಗ್ಗ ನನ್ನ ಕೈಯಿಂದ ಸೀದಾ ಕೆಳಕ್ಕೆ ಇಳಿದುಹೋಗೋದು ಕಾಣುತ್ತಿತ್ತು. ಹತ್ತು ಹದಿನೈದು ಮೀಟರ್ ಕೆಳಗೂ ಸ್ಪಷ್ಟವಾಗಿ ಕಾಣುತ್ತಿತ್ತು. ನೀರಿನ ಒಳಗೆ ಏನಿದೆ ಅಂತ ಕಣ್ಣಿಗೆ ಕಂಡದ್ದು ನನಗೆ ಅದೇ ಮೊದಲು.

ಎರಡನೇ ಸಲ ಇಳಿದೆವು. ಹಗ್ಗದ ಪಕ್ಕದಲ್ಲೇ, ಮೊಳ ಮೊಳವಾಗಿ. ನನ್ನ ಸಿಲಿಂಡರಿನ ತಲೆ ಅವನ ಕೈಯಲ್ಲಿ. ಎಂಟು ಮೀಟರ್ ಅಂತ ಆಮೇಲೆ ಹೇಳಿದ. ಹವಳ ಹತ್ತಿದ ಬಂಡೆಗಳು, ಹಳದಿ ಚಿಟ್ಟೆ ಮೀನುಗಳು, ಹವಳವನ್ನು ಕರ ಕರ ಕಡಿಯುವ ಗಿಳಿ ಮೀನು. ಆ ಸದ್ದು ನಿಜಕ್ಕೂ ಕೇಳುತ್ತದೆ. ಒಂದು ಬಂಡೆ ಸಂದಿನಿಂದ ಮೊರೆ ಈಲ್ ಎಂಬ ಹಾವಿನಂಥ ಮೀನು ತಲೆ ಮಾತ್ರ ಹೊರಗೆ ಹಾಕಿ, ಬಾಡಿಗೆ ಕೇಳೋಕೆ ಬಂದ ಮಾಲೀಕನನ್ನು ನೋಡುವ ಹಾಗೆ ನಮ್ಮನ್ನು ನೋಡಿತು. ಕೈಗೆ ಗೋಕರ್ಣದಲ್ಲಿ ಕಟ್ಟಿಸಿಕೊಂಡ ಕೆಂಪು ದಾರವಿತ್ತು. ನೋಡಿಕೊಂಡರೆ ಅದು ಮಾಸಿದ ಕಂದು. ನೀರು ಎಲ್ಲಕ್ಕಿಂತ ಮೊದಲು ಕೆಂಪು ಬೆಳಕನ್ನೇ ನುಂಗುತ್ತದೆ. ನನಗೆ ಹುಟ್ಟಿದಾಗಿನಿಂದ ನೀರಿನ ಭಯದ ಬಣ್ಣ ಕೆಂಪು. ಇಲ್ಲಿ ಆ ಬಣ್ಣವೇ ಇರಲಿಲ್ಲ.

ಬಂಡೆಯ ಅಡಿಯಲ್ಲಿ ಒಂದು ಕಡೆ ಕತ್ತಲೆಯ ಸೀಳು. ಒಳಗಿನಿಂದ ತಣ್ಣನೆ ಕತ್ತಲೆ ಹೊರಗೆ ಇಣುಕುವ ಹಾಗಿತ್ತು. ಆಚೆ ಗೆಳೆಯ ತನ್ನ ಇನ್‌ಸ್ಟ್ರಕ್ಟರಿಗೆ ಅದನ್ನೇ ತೋರಿಸಿ ಕೈ ಮಾಡುತ್ತಿದ್ದ. ಆತ ತಲೆಯಾಡಿಸಿ, ಮೇಲೆ ಹೊಳೆಯುತ್ತಿದ್ದ ಬೆಳಕಿನ ಕಡೆಗೆ ಬೆರಳು ತೋರಿಸಿದ. ಇಪ್ಪತ್ತೈದು ನಿಮಿಷ ಮುಗಿದಿತ್ತು.

ವಾಪಸ್ ಬರುವಾಗ ದೋಣಿಯಲ್ಲಿ ಗೆಳೆಯನಿಗೆ ಸ್ವಲ್ಪ ಮುನಿಸು. ಆಮೇಲೆ ರೂಮಿನಲ್ಲಿ ಕೂತು ನಾವಿಬ್ಬರೂ ಓದಿದೆವು, ಓದಿದಷ್ಟೂ ಅವನ ಮುನಿಸು ಇಳಿಯಿತು. ತೆರೆದ ಕಡಲಲ್ಲಿ ಏನಾದರೂ ಎಡವಟ್ಟಾದರೆ ಮೇಲೆ ಹೋದರಾಯಿತು. ಗುಹೆಯಲ್ಲಿ ಮೇಲೆ ಅನ್ನೋದೇ ಇಲ್ಲ, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಕಾಲಿನ ರೆಕ್ಕೆ ಒಮ್ಮೆ ನೆಲಕ್ಕೆ ತಾಗಿದರೆ ಹೂಳೆದ್ದು ಟಾರ್ಚಿನ ಬೆಳಕೂ ಕಾಣದಷ್ಟು ರಾಡಿ. ಅಮೆರಿಕದ ಶೆಕ್ ಎಕ್ಸ್‌ಲಿ ಎಂಬಾತ ಡೈವರ್‌ಗಳು ಗುಹೆಗಳಲ್ಲಿ ಹೇಗೆ ಸತ್ತರು ಅಂತ ಒಂದೊಂದೇ ಪ್ರಕರಣ ಬಿಡಿಸಿ ನೋಡಿ 1979ರಲ್ಲಿ ಪುಸ್ತಕವನ್ನೇ ಬರೆದ. ಹೆಚ್ಚಿನವರು ಮಾಡಿದ್ದ ತಪ್ಪುಗಳು ಅವೇ ಕೆಲವು: ಹೊರಗಿನವರೆಗೆ ಕಡಿಯದ ಹಗ್ಗ ಹಾಕಿಕೊಂಡಿರಲಿಲ್ಲ, ವಾಪಸ್ ಬರುವಷ್ಟು ಗಾಳಿ ಉಳಿಸಿಕೊಂಡಿರಲಿಲ್ಲ, ತೀರಾ ಆಳಕ್ಕೆ ಹೋಗಿದ್ದರು. ಅದಕ್ಕೇ ಅವರಲ್ಲಿ ಮೂರನೇ ಒಂದರ ಲೆಕ್ಕ. ಗಾಳಿಯ ಒಂದು ಪಾಲು ಒಳಗೆ ಹೋಗೋಕೆ, ಒಂದು ಪಾಲು ಹೊರಗೆ ಬರೋಕೆ, ಇನ್ನೊಂದು ಪಾಲು ಮುಟ್ಟಲೇಬಾರದು. ಜೊತೆಯವನ ಗಾಳಿ ಖಾಲಿಯಾದರೆ ಇಬ್ಬರೂ ಅದರಲ್ಲಿ ಬರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೋಲ್‌ಬ್ಯಾಕ್ ಪ್ಲ್ಯಾನ್ ಇಲ್ಲದೆ ಯಾವುದೂ ಲೈವ್ ಹೋಗಬಾರದು. ಇಷ್ಟೆಲ್ಲ ಬರೆದ ಎಕ್ಸ್‌ಲಿಯೂ 1994ರಲ್ಲಿ ಮೆಕ್ಸಿಕೊದ ಝಕಟಾನ್ ಎಂಬ ಆಳದ ಗುಂಡಿಯಲ್ಲೇ ತೀರಿಕೊಂಡ. ಅದನ್ನು ಓದಿ ಗೆಳೆಯ ಫೋನ್ ಪಕ್ಕಕ್ಕಿಟ್ಟ.

ಆ ರಾತ್ರಿಯೇ ಊರಿಗೆ ಹೊರಡಬೇಕೆಂದಿದ್ದೆವು. ಇನ್‌ಸ್ಟ್ರಕ್ಟರ್ ಬೇಡ ಅಂದಿದ್ದ. ಡೈವ್ ಮಾಡಿದಮೇಲೆ ವಿಮಾನ ಹತ್ತೋಕೆ ಕನಿಷ್ಠ ಹನ್ನೆರಡು ಗಂಟೆ ಬಿಡಬೇಕು, ರಕ್ತದಲ್ಲಿ ಕರಗಿರುವ ಸಾರಜನಕ ಮೆಲ್ಲಗೆ ಹೊರಗೆ ಹೋಗಬೇಕು ಅಂತ. ಘಾಟಿ ಹತ್ತಿದರೂ ಗಾಳಿಯ ಒತ್ತಡ ಇಳಿಯುತ್ತದಲ್ಲ, ಮಡಿಕೇರಿ ಸಾವಿರ ಮೀಟರಿಗಿಂತ ಮೇಲೆ. ಕರಾವಳಿಯವರಿಗೆ ಇದು ದೊಡ್ಡ ಮಾತಲ್ಲ, ನಮ್ಮಂಥ ಗುಡ್ಡದ ಮೇಲಿನವರು ನೆನಪಿಟ್ಟುಕೊಳ್ಳಬೇಕು. ಮಾರನೇ ದಿನ ಸಂಜೆ ಮಂಗಳೂರು ಬಿಟ್ಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಿದೆವು.

ಹೇಳೋದಾ ಬೇಡವಾ ಅಂತ ದಾರಿಯಿಡೀ ಯೋಚಿಸಿದ್ದೆ. ಗೆಳೆಯ ಅಕ್ಕಿರೊಟ್ಟಿಯ ಎರಡನೇ ತುತ್ತಿಗೇ ಹೇಳಿಬಿಟ್ಟ. ಅಮ್ಮ ಎದ್ದು ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಜೋರಾಯಿತು. ಅಪ್ಪ ಸ್ವಲ್ಪ ಹೊತ್ತು ತಟ್ಟೆ ನೋಡುತ್ತಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಕೆಳಗೆ ಕಾಣ್ತದಾ?"

"ಕಾಣ್ತದೆ ಅಪ್ಪ. ಹತ್ತಾಳು ಆಳದವರೆಗೂ ಕಾಣ್ತದೆ."

"ಹೌದಾ." ಮತ್ತೆ ಸುಮ್ಮನಾದರು. ನಾನು ಮಾತು ಬೆಳೆಸೋಕೆ ಕೇವ್ ಡೈವಿಂಗ್ ಬಗ್ಗೆ ಓದಿದ್ದೆಲ್ಲ ಹೇಳತೊಡಗಿದೆ. ರಾಡಿಯಾದರೆ ಹೇಗೆ ಏನೂ ಕಾಣಿಸೋದಿಲ್ಲ, ಆಗ ಹಗ್ಗ ಒಂದೇ ದಾರಿ, ಹಗ್ಗದ ಮೇಲೆ ಹೊರಗಿನ ದಿಕ್ಕು ತೋರಿಸೋ ಗುರುತುಗಳನ್ನು ಸಿಕ್ಕಿಸಿರುತ್ತಾರೆ, ಕತ್ತಲೆಯಲ್ಲಿ ಬೆರಳಿಂದ ಮುಟ್ಟಿಯೇ ಯಾವ ಕಡೆ ಹೋಗಬೇಕು ಅಂತ ತಿಳಿಯುತ್ತದೆ ಅಂತೆಲ್ಲ.

ಅಪ್ಪ ಕೈ ತೊಳೆದು ಬಂದು ಅಡುಗೆಮನೆ ಬಾಗಿಲ ಹಿಂದಿನಿಂದ ಒಂದು ಸುರುಳಿ ತಂದು ಮೇಜಿನ ಮೇಲಿಟ್ಟರು. ನೀಲಿ ನೈಲಾನ್ ಹಗ್ಗ. ಮೆಣಸು ಕೊಯ್ಯೋ ಏಣಿಯನ್ನು ಮರಕ್ಕೆ ಕಟ್ಟೋದಕ್ಕೆ ಇಟ್ಟುಕೊಂಡದ್ದು ಅಂತ ನಾನು ಅಂದುಕೊಂಡಿದ್ದೆ. ಅದೇ ಹಗ್ಗ, ಆದರೆ ಮೊಳಕ್ಕೊಂದರಂತೆ ಗಂಟುಗಳಿದ್ದವು.

"ಜಗುಲಿ ಕಂಬದಿಂದ ಮೇಲಿನ ಹಲಸಿನ ಮರಕ್ಕೆ ಕಟ್ಟಿದ್ದೆ" ಅಂದರು. "ಕರೆಂಟ್ ಇಲ್ಲ. ಮೆಟ್ಟಿಲು ಎಲ್ಲಿ, ಚರಂಡಿ ಎಲ್ಲಿ, ಎಂತದೂ ಕಾಣುದಿಲ್ಲ. ಸೊಂಟದವರೆಗೆ ನೀರು. ಪಕ್ಕದ ಮನೆಯವರೂ ಸೇರಿ ಹನ್ನೊಂದು ಜನ. ಅಜ್ಜಿಯನ್ನು ನಡುವೆ ಹಾಕಿದೆವು."

"ಗಂಟು ಯಾಕೆ?"

"ಚಂಡಿ ಹಗ್ಗ ಕೈ ಜಾರ್ತದಲ್ವಾ. ಮತ್ತೆ ಮಕ್ಕಳಿಗೆ ಹೇಳುದಕ್ಕೂ ಆಯ್ತು, ಎಣಿಸ್ಕೊಂಡು ಬನ್ನಿ, ನಲವತ್ತು ಗಂಟು ಆದ್ರೆ ರಸ್ತೆ ಅಂತ."

ಆರು ವರ್ಷದ ಮೇಲೆ ನಾನು ಆ ರಾತ್ರಿಯ ಬಗ್ಗೆ ಕೇಳಿದ್ದು ಅದೇ ಮೊದಲು. ವಿಜಯಪುರದವನು ಹಗ್ಗವನ್ನು ಕೈಗೆತ್ತಿಕೊಂಡು ಗಂಟುಗಳ ಮೇಲೆ ಬೆರಳಾಡಿಸುತ್ತಾ ಕೂತ. ಏನೂ ಮಾತಾಡಲಿಲ್ಲ. ಅಷ್ಟರಲ್ಲಿ ಅಮ್ಮ ಹೊರಗೆ ಬಂದು ಇನ್ನೊಂದು ರೊಟ್ಟಿ ಹಾಕಿ, "ಮುಂದಿನ ಸಲ ಹೋಗುದಾದ್ರೆ ಹೇಳಿ ಹೋಗು. ಹೇಳದೆ ಹೋದ್ರೆ ನಾನು ಯಾರಿಗೆ ಫೋನ್ ಮಾಡ್ಲಿ?" ಅಂದರು.

ಬೆಂಗಳೂರಿಗೆ ಬಂದಮೇಲೆ ಮನೆ ಹತ್ತಿರದ ಈಜುಕೊಳಕ್ಕೆ ಸೇರಿದ್ದೇನೆ. ನನ್ನ ಬ್ಯಾಚಿನಲ್ಲಿ ನನ್ನ ಬಿಟ್ಟರೆ ಎಲ್ಲರೂ ಎರಡನೇ ಕ್ಲಾಸು, ಮೂರನೇ ಕ್ಲಾಸಿನವರು. ಕೊಳದ ಅಂಚಿನ ಕಂಬಿ ಬಿಟ್ಟು ಐದು ಮೀಟರ್ ಹೋಗೋದಕ್ಕೆ ಬಂದಿದೆ. ವ್ಯಾಸಂಗ ಮುಗಿಸೋಕೆ ನನಗೆ ಜೂನ್‌ವರೆಗೆ ಸಮಯವಿದೆ. ಜೂನ್ ಬಂತೆಂದರೆ ಹೊಳೆ ದಂಡೆಯವರು ಎತ್ತರದ ಜಾಗಕ್ಕೆ ಹೋಗಿ ಅಂತ ನೋಟಿಸ್ ಬರುತ್ತದೆ, ಅಪ್ಪ ಅದನ್ನು ಓದಿ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ. ಹಗ್ಗ ಮತ್ತೆ ಬಾಗಿಲ ಹಿಂದಿನ ಮೊಳೆಗೆ ಹೋಗಿದೆ. ಈ ಸಲ ಮಳೆಗೆ ಮುಂಚೆ ಹೊಸದೊಂದು ತಗೊಂಡು ಹೋಗಬೇಕು. ಹಳೆಯದರಲ್ಲಿ ಎರಡು ಕಡೆ ಎಳೆ ಬಿಟ್ಟಿದೆ, ನೋಡಿದ್ದೇನೆ. ಗಂಟು ಹಾಕೋದು ಮಾತ್ರ ಅಪ್ಪನೇ.